ಹಳೆಯ ಕಾಕ್‌ಪಿಟ್ಟನ್ನು ಕುರ್ಚಿಯ ಮೇಲೆ ಕಲಿಯುವ ಬಗೆ

ಹಾಸನದ ನಮ್ಮ ಮನೆಗೆ ಸಂಜೆ ಬರುವ ಹುಡುಗರು ಕಂಪ್ಯೂಟರಿನ ವಿಮಾನ ಸಿಮ್ಯುಲೇಟರ್‌ನಲ್ಲಿ ಒಂದು ಕೀಲಿ ಒತ್ತಿ ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಬ್ರಿಟಿಷ್ ಸ್ಪಿಟ್‌ಫೈರ್ ವಿಮಾನದ ಚಕ್ರಗಳನ್ನು ಮಡಚಿಬಿಡುತ್ತಾರೆ. ಅಂದಿನ ಪೈಲಟ್‌ಗೆ ಅದು ಎಷ್ಟು ತೊಡಕಿನ ಕೆಲಸವಾಗಿತ್ತೆಂದು ತಿಳಿಯಬೇಕಾದರೆ ಸ್ವಂತ ಕೈಗಳನ್ನೇ ದುಡಿಸಿ ನೋಡಬೇಕು. ಅದಕ್ಕೆ ಒಂದು ಕುರ್ಚಿ, ಒಂದು ಊರುಗೋಲು ಸಾಕು.

ಕುಳಿತು, ಊರುಗೋಲನ್ನು ಮೊಣಕಾಲುಗಳ ನಡುವೆ ನೆಟ್ಟಗೆ ನಿಲ್ಲಿಸಿ ಬಲಗೈಯಲ್ಲಿ ಹಿಡಿಯಿರಿ. ಇದು ವಿಮಾನದ ಮೂತಿಯನ್ನು ಏರಿಸಿ ಇಳಿಸುವ ಸ್ಟಿಕ್. ಎಡಗೈ ಥ್ರಾಟಲ್ ಮೇಲೆ, ಅಂದರೆ ಮುಂದಕ್ಕೆ ತಳ್ಳಿದರೆ ಎಂಜಿನ್ನಿನ ಶಕ್ತಿ ಹೆಚ್ಚಿಸುವ ಸನ್ನೆಕೋಲಿನ ಮೇಲೆ, ಇದೆಯೆಂದು ಭಾವಿಸಿ. 1938ರಲ್ಲಿ ಬ್ರಿಟನ್ನಿನ ವಾಯುಪಡೆ ಸೇರಿದ ಮೊದಮೊದಲ ಸ್ಪಿಟ್‌ಫೈರ್‌ಗಳಲ್ಲಿ ಚಕ್ರ ಮಡಚುವ ಪಂಪಿನ ಹಿಡಿ ಬಲಗಡೆಗಿತ್ತು. ಆದ್ದರಿಂದ ನೆಲ ಬಿಟ್ಟೊಡನೆ ಎಡಗೈಯನ್ನು ಸ್ಟಿಕ್ಕಿಗೆ ತಂದು, ಬಲಗೈಯನ್ನು ಬಿಡಿಸಿಕೊಂಡು, ಬೋರ್‌ವೆಲ್ಲಿನ ಕೈಪಂಪು ಹೊಡೆದಂತೆ ಹೊಡೆಯಬೇಕಾಗಿತ್ತು. ಈ ನಡುವೆ ಥ್ರಾಟಲ್ ತಾನಾಗಿ ಹಿಂದೆ ಸರಿಯದಂತೆ ಅದರ ತಿರುಪನ್ನು ಮೊದಲೇ ಬಿಗಿ ಮಾಡಿರಬೇಕಿತ್ತು. ನೀವೂ ಇಪ್ಪತ್ತು ಸಲ ಹೊಡೆಯುತ್ತಾ ಊರುಗೋಲಿನ ತುದಿಯನ್ನು ಗಮನಿಸಿ. ಬಲಗೈ ಆಡಿದಂತೆಲ್ಲ ಎಡಗೈಯೂ ಅರಿವಿಲ್ಲದೆ ಆಡುತ್ತದೆ. ಹೊಸಬರ ವಿಮಾನ ಅಲೆಯ ಮೇಲಿನ ದೋಣಿಯಂತೆ ಏರಿಳಿಯುತ್ತಾ ಮೇಲೇರುತ್ತಿದ್ದುದು ಇದರಿಂದಲೇ. ಎಡ ಮೊಣಕೈಯನ್ನು ತೊಡೆಗೆ ಒತ್ತಿಕೊಂಡರೆ ಕೋಲಿನ ಅಲುಗಾಟ ತಗ್ಗುತ್ತದೆ. ಮುಂದೆ ಎಂಜಿನ್ನಿನಿಂದಲೇ ನಡೆಯುವ ಪಂಪ್ ಬಂದು ಈ ಕಷ್ಟ ನೀಗಿತು.

ಸೋವಿಯತ್ ಯುದ್ಧವಿಮಾನ ಐ-16ರಲ್ಲಿ ಪಂಪಿನ ಬದಲು ತಿರುಗಿಸುವ ಹ್ಯಾಂಡಲ್ ಇತ್ತು. ಚಕ್ರ ಪೂರ್ತಿ ಮೇಲೆ ಬರಲು 44 ಸುತ್ತು ಬೇಕಾಗಿತ್ತು. ಸಕಲೇಶಪುರದ ತೋಟಗಳಲ್ಲಿ ಮಳೆಗಾಲದ ಬೆಳಿಗ್ಗೆ ಹಳೆಯ ಜೀಪಿಗೆ ಹ್ಯಾಂಡಲ್ ಹೊಡೆದವರಿಗೆ ಆ ಲೆಕ್ಕದ ಭಾರವನ್ನು ವಿವರಿಸಬೇಕಾಗಿಲ್ಲ.

ಒಂದನೇ ಮಹಾಯುದ್ಧದ ಬ್ರಿಟಿಷ್ ವಿಮಾನ ಸಾಪ್‌ವಿತ್ ಕ್ಯಾಮೆಲ್‌ಗೆ ಬಂದಾಗ ಹೆಬ್ಬೆರಳಿಗೂ ಕೆಲಸ ಬರುತ್ತದೆ. ಅದರ ಎಂಜಿನ್ನಿನ ಸಿಲಿಂಡರುಗಳೂ ಪ್ರೊಪೆಲ್ಲರ್ ಜೊತೆಯಲ್ಲೇ ಸುತ್ತುತ್ತಿದ್ದವು. ಇಂಧನಕ್ಕೊಂದು, ಗಾಳಿಗೊಂದು ಸನ್ನೆಕೋಲಿದ್ದರೂ ವೇಗ ತಗ್ಗಿಸುವುದು ಸುಲಭವಿರಲಿಲ್ಲವಾದ್ದರಿಂದ, ಇಳಿಯುವಾಗ ಸ್ಟಿಕ್ಕಿನ ಮೇಲಿನ ಗುಂಡಿಯನ್ನು ಒತ್ತಿ ಕಿಡಿಯನ್ನೇ ಕ್ಷಣಕಾಲ ನಿಲ್ಲಿಸುತ್ತಿದ್ದರು. ಊರುಗೋಲಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, ಕೂಡಲೇ ಬಿಡಿ. ಹೆಚ್ಚು ಹೊತ್ತು ಒತ್ತಿ ಹಿಡಿಯಬಾರದು: ಇಂಧನ ಹರಿಯುತ್ತಲೇ ಇರುತ್ತದೆ, ಉರಿಯದೆ ಸೇರಿಕೊಂಡದ್ದು ಕಿಡಿ ಮರಳಿದಾಗ ಬೆಂಕಿಯಾಗುವ ಅಪಾಯವಿತ್ತು.

ಎರಡು ಮಹಾಯುದ್ಧಗಳ ನಡುವಿನ ಹಲವು ಫ್ರೆಂಚ್ ವಿಮಾನಗಳಲ್ಲಿ ಥ್ರಾಟಲನ್ನು ತನ್ನತ್ತ ಎಳೆದರೆ ಶಕ್ತಿ ಹೆಚ್ಚುತ್ತಿತ್ತು, ಮುಂದಕ್ಕೆ ತಳ್ಳಿದರೆ ತಗ್ಗುತ್ತಿತ್ತು. ಈ ಪಾಠವನ್ನು ಮಾತ್ರ ಬೇರೆ ದಿನಕ್ಕೆ ಇಟ್ಟುಕೊಳ್ಳಿ; ಥ್ರಾಟಲಿನ ಎರಡೂ ಬಗೆಗಳನ್ನು ಒಂದೇ ಸಂಜೆ ಕಲಿತ ಹುಡುಗನೊಬ್ಬ ಮರುದಿನ ಪರದೆಯ ಮೇಲೆ ಸ್ಪಿಟ್‌ಫೈರ್ ಇಳಿಸುವಾಗ ಥ್ರಾಟಲನ್ನು ಪೂರ್ತಿ ಮುಂದಕ್ಕೆ ತಳ್ಳಿ ರನ್‌ವೇಯನ್ನೇ ದಾಟಿ ಹೋದ.