ಆಟಿಕೆ ಅರ್ಧ ಮಾಡಿದೆ, ಆಟದ ಹೊತ್ತು ದುಪ್ಪಟ್ಟು ಮಾಡಿದೆ

ಮೂರರಿಂದ ಐದು ವರ್ಷದ ಮಕ್ಕಳ ಕೋಣೆ ನಡೆಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆಟಿಕೆ ಅರ್ಧಕ್ಕೆ ಇಳಿಸುತ್ತೇನೆ, ಆಟದ ಹೊತ್ತನ್ನು ದುಪ್ಪಟ್ಟು ಮಾಡುತ್ತೇನೆ ಎಂದಾಗ ಜೊತೆಯವರೆಲ್ಲ ನಕ್ಕಿದ್ದರು. "ಹೊಡೆದಾಡಿ ಸಾಯ್ತವೆ ಅಷ್ಟೇ" ಅಂದರು ಒಬ್ಬರು. ಈಗ ಅವರೇ ಬಂದು ನನ್ನ ಕಪಾಟಿನ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಸುಮ್ನೆ ಹೇಳಿದೆ.

ಮೊದಲು ದುಡ್ಡು ಕಳೆದ ಕಥೆ. ಇಬ್ಬರು ಒಂದೇ ಲಾರಿಗೆ ಕಿತ್ತಾಡಿದರೆ ಅದೇ ಥರದ ಇನ್ನೊಂದು ತರುವುದು, ಅಲ್ವಾ? ಎಲ್ಲರೂ ಮಾಡುವುದು ಅದನ್ನೇ. ಒಂದು ವರ್ಷದ ಆಟಿಕೆ ದುಡ್ಡಿನಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಹೀಗೆ ಜೋಡಿ ತರುವುದಕ್ಕೇ ಹೋಯಿತು. ಗಲಾಟೆ ನಿಂತಿತು, ನಿಜ. ಮಾತೂ ನಿಂತಿತು. ಒಂದೊಂದು ಮಗು ತನ್ನ ಲಾರಿ ಹಿಡಿದು ತನ್ನ ಮೂಲೆ ಸೇರಿತು. ಮಕ್ಕಳ ಆಟದಲ್ಲಿ ಆರು ಬಗೆ ಇದೆ ಎಂದು ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಗುರುತಿಸಿದ್ದರು: ಏನೂ ಆಡದಿರುವುದು, ಒಬ್ಬರೇ ಆಡುವುದು, ನಿಂತು ನೋಡುವುದು, ಅಕ್ಕಪಕ್ಕ ಕೂತು ಬೇರೆ ಬೇರೆ ಆಡುವುದು, ಬೆರೆತು ಆಡುವುದು, ಕೊನೆಗೆ ಒಂದೇ ಗುರಿಗೆ ಕೂಡಿ ಆಡುವುದು. ನನ್ನಲ್ಲಿ ನಾಲ್ಕು ವರ್ಷ ತುಂಬಿದವರೂ ಅಕ್ಕಪಕ್ಕ ಕೂತು ಬೇರೆ ಬೇರೆ ಆಡುವ ಹಂತದಲ್ಲೇ ಉಳಿದುಬಿಟ್ಟಿದ್ದರು. ಕೂಡಿ ಆಡಲು ಅವರಿಗೆ ಕಾರಣವೇ ಇರಲಿಲ್ಲ.

ಆಮೇಲೆ ಮರಳು ಗಡಿಯಾರ. ಮೂರು ನಿಮಿಷಕ್ಕೊಬ್ಬರ ಸರದಿ. ಕಾಯುವ ಮಗು ಆಟ ಬಿಟ್ಟು ಮರಳನ್ನೇ ನೋಡುತ್ತಾ ಕೂತಿತು. ಹಂಚಿಕೊಂಡವರಿಗೆ ಸ್ಟಿಕರ್ ಕೊಟ್ಟೆ. ನನ್ನ ಕಣ್ಣೆದುರು ಹಂಚಿದರು, ನಾನು ತಿರುಗಿದ ಕೂಡಲೇ ಕಿತ್ತುಕೊಂಡರು. ಆ ಸ್ಟಿಕರ್ ಕಟ್ಟು ಈಗಲೂ ಡ್ರಾಯರ್‌ನಲ್ಲಿದೆ, ಬೇಕಾದವರು ಒಯ್ಯಬಹುದು.

ಕೆಲಸಕ್ಕೆ ಬಂದದ್ದು ಇದು. ಕಪಾಟಿನಿಂದ ಅರ್ಧಕ್ಕಿಂತ ಜಾಸ್ತಿ ತೆಗೆದಿಟ್ಟೆ. ಗುಂಡಿ ಒತ್ತಿದರೆ ಹಾಡುವವು ಮೊದಲು ಹೋದವು. ಉಳಿಸಿಕೊಂಡದ್ದು ಬ್ಲಾಕ್, ಬಟ್ಟೆ ತುಂಡು, ರಟ್ಟಿನ ಪೆಟ್ಟಿಗೆ, ಗಿಡ್ಡ ಹಗ್ಗ, ಮತ್ತೆ ಒಬ್ಬರಿಂದ ಎತ್ತಲಾಗದ ಎರಡು ಉದ್ದ ಹಲಗೆ. ದುಡ್ಡು ಹಾಕಿದ್ದು ಹಲಗೆಗೆ ಮಾತ್ರ. ಅಂಚು ಉಜ್ಜಿಸಿ ನುಣ್ಣಗೆ ಮಾಡಿಸಿದ್ದು ಸೇರಿಸಿದರೂ ಹಳೆಯ ಲೆಕ್ಕದ ಹತ್ತನೇ ಒಂದು ಪಾಲು ಇರಬಹುದು. ಹಲಗೆ ಬೇಕೆಂದರೆ ಇನ್ನೊಬ್ಬರನ್ನು ಕರೆಯಲೇಬೇಕು. "ಆ ಕಡೆ ಹಿಡ್ಕೋ", "ನಿಧಾನ", "ಈಗ್ಲೇ ಬಿಡಬೇಡ". ಹಂಚಿಕೊಳ್ಳಿ ಎಂದು ನಾನು ಗಂಟಲು ಹರಿದುಕೊಂಡಾಗ ಆಗದ್ದು ಹಲಗೆಯ ಭಾರದಿಂದ ಆಯಿತು.

ಹೊತ್ತಿನ ವಿಷಯ ಅದಕ್ಕಿಂತ ದೊಡ್ಡದು. ಮೊದಲು ಅರ್ಧ ಗಂಟೆ ಕೊಡುತ್ತಿದ್ದೆ. ಯಾರು ಡಾಕ್ಟರ್, ಯಾರು ರೋಗಿ ಎಂದು ತೀರ್ಮಾನವಾಗುವುದಕ್ಕೇ ಇಪ್ಪತ್ತು ನಿಮಿಷ ಬೇಕು. ಆಟ ಕುದುರುವ ಹೊತ್ತಿಗೆ ನಾವು ಗಂಟೆ ಬಾರಿಸಿ ಎಲ್ಲ ಎತ್ತಿಡಿಸುತ್ತೇವೆ. ಒಂದು ಗಂಟೆಗೆ ಹೆಚ್ಚಿಸಿದೆ. ಆ ಇಪ್ಪತ್ತು ನಿಮಿಷದ ಚೌಕಾಸಿಯೇ ಅಸಲು ಪಾಠ ಅನ್ನುವುದು ನನ್ನ ಲೆಕ್ಕ. ನಾವು ಹೇಳಿದರೆ ಎರಡು ನಿಮಿಷ ಕೂರದ ಹುಡುಗ, ರೋಗಿಯಾದರೆ ಕದಲದೆ ಮಲಗಿರುತ್ತಾನೆ. ಪಾತ್ರದ ಜೊತೆಗೇ ನಿಯಮ ಬರುತ್ತದೆ ಎಂದು ಸೋವಿಯತ್ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ 1930ರ ದಶಕದಲ್ಲೇ ಹೇಳಿದ್ದರು. ಆದರೂ ನಾವು ಗಂಟೆ ಬಾರಿಸುತ್ತೇವೆ.

ಮೊದಲ ಎರಡು ಮೂರು ವಾರ ಜಗಳ ಜಾಸ್ತಿಯೇ ಆಯಿತು. ಕೈಬಿಡುವವರು ಇಲ್ಲೇ ಕೈಬಿಡುತ್ತಾರೆ. ಪೋಷಕರೊಬ್ಬರು ಶುಲ್ಕ ವಾಪಸ್ ಕೇಳಿದರು, ಕೊಟ್ಟೆ. ಕಚ್ಚಿದರೆ, ಮುಖಕ್ಕೆ ಕೈ ಹಾಕಿದರೆ ತಕ್ಷಣ ಮಧ್ಯೆ ಹೋಗುತ್ತೇನೆ. ಉಳಿದದ್ದಕ್ಕೆ ಹತ್ತಿರ ಹೋಗಿ ಕೂರುತ್ತೇನೆ, ತೀರ್ಪು ಕೊಡುವುದಿಲ್ಲ. "ಇಬ್ಬರಿಗೂ ಹಗ್ಗ ಬೇಕು" ಎಂದು ಕಂಡದ್ದನ್ನು ಹೇಳಿ ಸುಮ್ಮನಾಗುತ್ತೇನೆ. ಹಾಗೆ ಸುಮ್ಮನಿರುವಾಗ ಕೈಯಲ್ಲಿ ಏನು ಹಿಡಿದಿರಬೇಕು, ಕಣ್ಣು ಎಲ್ಲಿಡಬೇಕು ಅನ್ನುವುದರಲ್ಲಿ ಅರ್ಧ ಗುಟ್ಟಿದೆ. ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ, ಬಂದು ನೋಡಿ. ಎರಡು ತಿಂಗಳ ಹೊತ್ತಿಗೆ ನನ್ನ ಬಳಿ ಬರುವ ದೂರು ಸುಮಾರು ಮೂರನೇ ಒಂದಕ್ಕೆ ಇಳಿದಿತ್ತು. ಚೀಟಿಯಲ್ಲಿ ಗೀಟು ಹಾಕುತ್ತಿದ್ದೆ, ಈಗ ಆ ಚೀಟಿ ಸಿಗುತ್ತಿಲ್ಲ.

ಬದಿಯಲ್ಲಿ ನಿಂತು ನೋಡುವ ಮಗುವಿನ ಮಾತೇ ಬೇರೆ. "ನಾನೂ ಬರ್ಲಾ?" ಎಂದು ಕೇಳಿದರೆ ಉತ್ತರ ಹೆಚ್ಚಾಗಿ "ಬೇಡ". ಕೇಳದೆ, ಸ್ವಲ್ಪ ನೋಡಿ, ಅವರು ಮಾಡುವುದನ್ನೇ ಪಕ್ಕದಲ್ಲಿ ಶುರು ಮಾಡಿದ ಮಗು ಸಲೀಸಾಗಿ ಒಳಗೆ ಸೇರುತ್ತದೆ. ಹಾಗಾಗಿ "ಅವಳನ್ನೂ ಸೇರಿಸಿಕೊಳ್ಳಿ" ಅನ್ನುವುದನ್ನು ನಿಲ್ಲಿಸಿದೆ. ಕೈಗೊಂದು ಪೆಟ್ಟಿಗೆ ಕೊಟ್ಟು, "ಆಸ್ಪತ್ರೆಗೆ ಔಷಧಿ ತಲುಪಿಸಿ ಬಾ" ಅನ್ನುತ್ತೇನೆ. ತಲುಪಿಸಲು ಹೋದವರು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ನಡುವೆ ಐದು ವರ್ಷದವರನ್ನು ಬೇರೆ ಕೋಣೆಗೆ ಹಾಕಿ ನೋಡಿದೆ. ಚಿಕ್ಕವರ ಆಟ ಸಪ್ಪೆಯಾಯಿತು, ಕಥೆ ಕಟ್ಟುವವರೇ ಇಲ್ಲ. ವಾರದೊಳಗೆ ಮತ್ತೆ ಬೆರೆಸಿದೆ. ತೆಗೆದಿಟ್ಟ ಆಟಿಕೆಗಳನ್ನು ತಿಂಗಳಿಗೊಮ್ಮೆ ಹೊರತಂದೆ. ಹೊಸದು ಕಂಡ ದಿನ ಎಲ್ಲರೂ ಮತ್ತೆ ಒಬ್ಬೊಬ್ಬರೇ. ಈಗ ಸಾಮಾನು ಬದಲಿಸುವುದಿಲ್ಲ, ಜಾಗ ಬದಲಿಸುತ್ತೇನೆ. ಹಲಗೆ ಒಂದು ವಾರ ಗೋಡೆ ಬದಿಗೆ, ಇನ್ನೊಂದು ವಾರ ಕೋಣೆಯ ನಡುವೆ. ಮುಂದಿನದು ಮೂವರು ಸೇರಿದರಷ್ಟೇ ಎತ್ತಲಾಗುವ ಹಲಗೆ. ಬಡಗಿಗೆ ಅಳತೆ ಕೊಟ್ಟಾಗಿದೆ.