ಮೂವತ್ತೇಳು ಸೇವಾ ವಹಿ, ಒಂದು ಸ್ಕ್ಯಾನರ್

ನಮ್ಮ ಕಚೇರಿಯ ದಲಾಯತರು (ಜವಾನರು) ತಮ್ಮ ಸೇವಾ ವಹಿಯನ್ನು, ಅಂದರೆ ನೌಕರಿಯ ಪೂರ್ತಿ ವಿವರ ಬರೆದಿಡುವ ಪುಸ್ತಕವನ್ನು, ಮೊದಲ ಸಲ ಕಣ್ಣಾರೆ ಕಂಡದ್ದು ಕೆಲಸಕ್ಕೆ ಸೇರಿ ಮೂವತ್ತು ವರ್ಷ ಆದ ಮೇಲೆ. ವರ್ಷಕ್ಕೊಮ್ಮೆ ನೌಕರನಿಗೆ ಅದನ್ನು ತೋರಿಸಿ ಸಹಿ ಪಡೆಯಬೇಕು ಅಂತ ನಿಯಮವೇನೋ ಇದೆ. ಆದರೆ ನಮ್ಮಲ್ಲಿ ಎಸ್‌ಆರ್ (ಸರ್ವಿಸ್ ರಿಜಿಸ್ಟರ್, ಇದೇ ಸೇವಾ ವಹಿ) ಅಂದರೆ ಸಿಬ್ಬಂದಿ ಕಡತ ನೋಡುವ ಗುಮಾಸ್ತರ, ಅಂದರೆ ವಿಷಯ ನಿರ್ವಾಹಕರ, ಕಪಾಟಿನಲ್ಲಿ ಬೀಗ ಹಾಕಿಟ್ಟ ವಸ್ತು. ಹುಳ ತಿಂದ ರಟ್ಟು ತೆಗೆದು ಮೊದಲ ಪುಟ ಬಿಚ್ಚಿದಾಗ ಅಲ್ಲಿ ಅವರ ಎಡಗೈ ಬೆರಳುಗಳ ಗುರುತು, ಪಕ್ಕದಲ್ಲಿ 1994ರ ದಿನಾಂಕ. ಅದರ ಮೇಲೆ ಬೆರಳಿಟ್ಟು ನೋಡಿಕೊಂಡರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ನನ್ ರಜಾ ಎಷ್ಟದಾವು ನೋಡ್ರಿ ಸರ್."

ನಾನು ಉತ್ತರ ಕರ್ನಾಟಕದ ಒಂದು ತಾಲೂಕು ಕೇಂದ್ರದಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ). ಸೇವಾ ವಹಿಗಳನ್ನು ಎಚ್‌ಆರ್‌ಎಂಎಸ್‌ಗೆ (ನೌಕರರ ಸಂಬಳ, ಸೇವೆಯ ವಿವರ ಇಡುವ ಸರ್ಕಾರಿ ಪೋರ್ಟಲ್) ಏರಿಸಿ ವಿದ್ಯುನ್ಮಾನ ಸೇವಾ ವಹಿ ಮಾಡಬೇಕು ಅಂತ ಮೇಲಿಂದ ಪತ್ರ ಬಂದಾಗ ಕೆಲಸ ನನ್ನ ಮೇಜಿಗೆ ಬಿತ್ತು. ಒಟ್ಟು 37 ವಹಿ. ದಿನಕ್ಕೆ ಎರಡರಂತೆ ಟೈಪ್ ಮಾಡಿದರೂ ತಿಂಗಳೊಳಗೆ ಮುಗಿಯುತ್ತದೆ ಅಂತ ಸಾಹೇಬರಿಗೆ ಹೇಳಿಬಿಟ್ಟೆ. ಏಳು ತಿಂಗಳು ಹಿಡಿಯಿತು, ಆದರೂ ನಾಲ್ಕು ಉಳಿದಿವೆ. ಅದರಲ್ಲಿ ಟೈಪಿಂಗ್‌ಗೆ ಹೋದ ಹೊತ್ತು ಕಡಿಮೆ. ಹೆಚ್ಚಿನದೆಲ್ಲ ಹೋದದ್ದು ರೆಕಾರ್ಡ್ ರೂಮಿನ ಧೂಳಿನಲ್ಲಿ.

ಕಾಗದದ ಮೇಲೆ ಖಾಲಿ ಬಿಟ್ಟ ಕಾಲಂ ಯಾರಿಗೂ ತೊಂದರೆ ಕೊಡುವುದಿಲ್ಲ, ಪುಟ ತಿರುವಿದರೆ ಆಯಿತು. ಪರದೆಯ ಮೇಲಿನ ಕಾಲಂ ಹಾಗಲ್ಲ. ಆದೇಶದ ಸಂಖ್ಯೆ ಎಲ್ಲಿ, ದಿನಾಂಕ ಎಲ್ಲಿ ಅಂತ ಕೇಳುತ್ತಲೇ ಇರುತ್ತದೆ, ತುಂಬದೆ ಮುಂದಕ್ಕೆ ಬಿಡುವುದಿಲ್ಲ. ಭೂಮಿ ಯೋಜನೆಯಲ್ಲಿ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಹೋಗುವುದನ್ನು ಹತ್ತಿರದಿಂದ ಕಂಡ ಹಿರಿಯ ಶಿರಸ್ತೇದಾರರೊಬ್ಬರನ್ನು ಕೇಳಿದೆ. ನಕ್ಕುಬಿಟ್ಟರು. "ಪಹಣಿಯ ಮೂರನೇ ಕಾಲಂಗೂ ಒಂಬತ್ತನೇ ಕಾಲಂಗೂ ಇನ್ನೂ ತಾಳೆ ಬಿದ್ದಿಲ್ಲ ತಮ್ಮಾ. ಹಾಳಿ ಒಳಗಿನ ತಪ್ಪು ಆಗೂ ಇತ್ತು. ಪ್ರಿಂಟ್ ಆಗಿ ಬಂದ ಮ್ಯಾಲೆ ಎಲ್ಲರಿಗೂ ಕಾಣಾಕ ಹತ್ತಿತು." ಆ ಮಾತು ಕೇಳಿ ಬಂದ ಮೇಲೆ, ನೇರವಾಗಿ ಪೋರ್ಟಲ್‌ನಲ್ಲಿ ತುಂಬುವುದನ್ನು ನಿಲ್ಲಿಸಿದೆ.

ಬದಲಿಗೆ ಪ್ರತಿಯೊಬ್ಬರಿಗೂ ಒಂದು ಹಾಳೆ ಮಾಡಿದೆ. ಹುಟ್ಟಿದ ದಿನಾಂಕ, ನೇಮಕಾತಿ ಆದೇಶ, ಕೆಲಸಕ್ಕೆ ಹಾಜರಾದ ದಿನ, ಪರೀಕ್ಷಾರ್ಥ ಅವಧಿ ಮುಗಿದದ್ದು, ಕಾಲಮಿತಿ ಬಡ್ತಿ, ಪದೋನ್ನತಿ, ಪ್ರತಿ ವೇತನ ಪರಿಷ್ಕರಣೆಯ ನಿಗದಿ, ರಜೆ ಲೆಕ್ಕ, ನಾಮನಿರ್ದೇಶನ. ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದು ಆಯಾ ನೌಕರರ ಕೈಗೆ ಕೊಟ್ಟೆ. ಮನೆಯಲ್ಲಿರುವ ಆದೇಶದ ಪ್ರತಿಗಳ ಜೊತೆ ತಾಳೆ ನೋಡಿ ಸಹಿ ಮಾಡಿ ತನ್ನಿ ಅಂದೆ. ಮೊದಲು ಗೊಣಗಿದರು. ಆದರೆ ಮನೆಯ ಟ್ರಂಕಿನಿಂದ ಬಂದ ಆದೇಶಗಳು ಎಷ್ಟು ಅಂತೀರಿ! ಕಚೇರಿಯಲ್ಲಿ ಇಲ್ಲದ ಹನ್ನೊಂದು ಕಾಗದ ಹಾಗೆ ಸಿಕ್ಕವು. ಕ್ರಮವನ್ನೂ ಬದಲಿಸಿದೆ: ಹೆಸರಿನ ಅಕ್ಷರಾನುಕ್ರಮ ಬಿಟ್ಟು, ನಿವೃತ್ತಿ ಹತ್ತಿರ ಇರುವವರು ಮೊದಲು. ಪಿಂಚಣಿ ಕಾಗದ ಎ.ಜಿ. (ಮಹಾಲೇಖಪಾಲರ) ಕಚೇರಿಗೆ ಹೋಗಿ ಆಕ್ಷೇಪಣೆಯೊಂದಿಗೆ ವಾಪಸು ಬಂದರೆ ಏನಾಗುತ್ತದೆ ಅಂತ ನೋಡಿದವರಿಗೆ ಗೊತ್ತು.

ದಲಾಯತರ ವಹಿಯ ಕಥೆ ವಿವರವಾಗಿಯೇ ಹೇಳಬೇಕು. ರಜೆ ಲೆಕ್ಕದ ಪುಟದಲ್ಲಿ 1998ರ ಕೊನೆಗೆ ಒಂದು ಶಿಲ್ಕು, ಅಂದರೆ ಉಳಿದ ರಜೆಯ ಲೆಕ್ಕ. ಅದರ ಕೆಳಗಿನ ಸಾಲೇ 2004ರ ಜುಲೈ. ನಡುವಿನ ಐದೂವರೆ ವರ್ಷದ ವಿಷಯ ನಿರ್ವಾಹಕರು ಏನೂ ಬರೆದಿರಲಿಲ್ಲ. ಆಮೇಲೆ ಬಂದವರು 1998ರ ಶಿಲ್ಕನ್ನೇ ಕೆಳಗಿಳಿಸಿ ಮುಂದುವರಿಸಿದ್ದರು. ಹಾಗಾಗಿ ಕಾಗದದ ಪ್ರಕಾರ ಅವರ ಗಳಿಕೆ ರಜೆ 118 ದಿನ.

ಗಳಿಕೆ ರಜೆ ವರ್ಷಕ್ಕೆ 30 ದಿನ. ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಜಮೆ ಆಗುತ್ತದೆ. 1999ರ ಜನವರಿಯಿಂದ 2004ರ ಜನವರಿವರೆಗೆ ಹನ್ನೊಂದು ಜಮೆ, 165 ದಿನ. ಜಮೆಯನ್ನು ಬೆರಳು ಮಡಚಿ ಎಣಿಸಬಹುದು, ಖರ್ಚು ಹಿಡಿಯುವುದು ಕಷ್ಟ. ಆ ಅವಧಿಯಲ್ಲಿ ಅವರು ಎಷ್ಟು ರಜೆ ತೆಗೆದುಕೊಂಡರು, ಎಷ್ಟು ನಗದೀಕರಣ ಮಾಡಿಸಿಕೊಂಡರು? ಹಾಜರಿ ಪುಸ್ತಕಗಳು ರೆಕಾರ್ಡ್ ರೂಮಿನ ಮೇಲಿನ ಅಟ್ಟದಲ್ಲಿ, ಚುನಾವಣೆಯ ಹಳೆ ಬ್ಯಾನರ್‌ಗಳ ಕೆಳಗೆ ಸಿಕ್ಕವು. ಒಂದು ವರ್ಷದ್ದು ಇರಲೇ ಇಲ್ಲ. ಅದಕ್ಕೆ ಸಂಬಳ ಬಿಲ್ಲಿನ ಕಚೇರಿ ಪ್ರತಿ ಹುಡುಕಿದೆವು. ರಜೆ ಮಂಜೂರಾತಿ ಆದೇಶಗಳ ಕಡತದಲ್ಲಿ ಇನ್ನೆರಡು ಸಿಕ್ಕವು. ಎಲ್ಲ ಕೂಡಿಸಿದಾಗ ಕಳೆಯಬೇಕಾದದ್ದು 36 ದಿನ. ಉಳಿದ 129ನ್ನು 118ಕ್ಕೆ ಸೇರಿಸಿದರೆ 247. ಅಲ್ಲಿಂದ ಮುಂದೆ ಎಲ್ಲೂ 300ರ ಮಿತಿ ದಾಟಿಲ್ಲ ಅಂತ ಸಾಲು ಸಾಲಾಗಿ ನೋಡಿಕೊಂಡೆ. ನಿವೃತ್ತಿಯ ಹೊತ್ತಿಗೆ ಉಳಿದ ಗಳಿಕೆ ರಜೆಗೆ ಹಣ ಬರುತ್ತದಲ್ಲ, ಆ 129 ದಿನ ಅಂದರೆ ನಾಲ್ಕು ತಿಂಗಳಿಗೂ ಮೀರಿದ ಸಂಬಳ.

ಆದರೆ 1999ರ ಸಾಲಿಗೆ ಈಗ ಸಹಿ ಮಾಡುವವರು ಯಾರು? ಆಗಿನ ಅಧಿಕಾರಿ ನಿವೃತ್ತರಾಗಿ ಎಷ್ಟೋ ಕಾಲವಾಗಿದೆ. ಹಾಜರಿ ಪುಸ್ತಕ, ಬಿಲ್ಲುಗಳ ಪ್ರತಿ, ನಮ್ಮ ಲೆಕ್ಕದ ತಃಖ್ತೆ ಎಲ್ಲ ಲಗತ್ತಿಸಿ ಜಿಲ್ಲಾ ಕಚೇರಿಗೆ ಪ್ರಸ್ತಾವನೆ ಕಳಿಸಿದೆವು. ಅನುಮತಿ ಬರಲು ಎರಡು ತಿಂಗಳು ಹಿಡಿಯಿತು. ಆಮೇಲೆ ಈಗಿನ ಅಧಿಕಾರಿ "ಕಚೇರಿ ದಾಖಲೆಗಳಂತೆ ಪರಿಶೀಲಿಸಿದೆ" ಎಂದು ಬರೆದು ಸಹಿ ಹಾಕಿದರು. ಇಂಥ ವಿಷಯದಲ್ಲಿ ಬಾಯಿ ಮಾತಿನ ಒಪ್ಪಿಗೆ ತೆಗೆದುಕೊಂಡು ಪೋರ್ಟಲ್‌ನಲ್ಲಿ ತುಂಬಿಬಿಡಿ ಅನ್ನುವವರಿದ್ದಾರೆ. ಹಾಗೆ ತುಂಬಿದರೆ ನಾಳೆ ಉತ್ತರ ಕೊಡಬೇಕಾದವರು ನೀವೇ.

ಇನ್ನಿಬ್ಬರದು ಬೇರೆ ಬಗೆಯ ತೊಡಕು. 2006ರ ಏಪ್ರಿಲ್ 1ರಿಂದ ಕೆಲಸಕ್ಕೆ ಸೇರಿದವರು ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ ಯೋಜನೆಗೆ ಸೇರುತ್ತಾರೆ. ನೇಮಕಾತಿಯ ಅಧಿಸೂಚನೆ ಅದಕ್ಕೂ ಮೊದಲು ಹೊರಟು, ಕೆಲಸಕ್ಕೆ ಸೇರಿದ್ದು ಆಮೇಲೆ ಆಗಿದ್ದರೆ ಅಂಥವರು ಹಳೆ ಪಿಂಚಣಿ ಆಯ್ಕೆ ಮಾಡಿಕೊಳ್ಳಬಹುದು ಅಂತ 2024ರ ಜನವರಿಯಲ್ಲಿ ಸರ್ಕಾರ ಆದೇಶ ಮಾಡಿತು. ನಮ್ಮವರ ಎಸ್‌ಆರ್‌ನಲ್ಲಿ ನೇಮಕಾತಿ ಆದೇಶದ ಸಂಖ್ಯೆ ಇದೆ, ಹಾಜರಾದ ದಿನ ಇದೆ, ಅಧಿಸೂಚನೆಯ ದಿನಾಂಕ ಮಾತ್ರ ಎಲ್ಲೂ ಇಲ್ಲ. ಬರೆದವರಿಗೆ ಆಗ ಅದು ಬೇಕು ಅಂತ ಅನಿಸಿರಲಿಕ್ಕಿಲ್ಲ. ಈಗ ಆ ಒಂದು ದಿನಾಂಕದ ಮೇಲೆ ಮುಪ್ಪಿನ ಕಾಲದ ಅನ್ನ ನಿಂತಿದೆ. ಅದಾದ ಮೇಲೆ ಎಲ್ಲರ ಹಾಳೆಯಲ್ಲೂ ಅಧಿಸೂಚನೆಗೆ ಒಂದು ಸಾಲು ಸೇರಿಸಿದೆ, ಪೋರ್ಟಲ್ ಕೇಳಲಿ ಬಿಡಲಿ.

ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಆದೇಶಗಳ ದಿನಾಂಕಗಳನ್ನೆಲ್ಲ ಮೊದಲು ಎಕ್ಸೆಲ್‌ನಲ್ಲಿ ಇಟ್ಟುಕೊಂಡು, ಅಲ್ಲಿಂದ ನೋಡಿ ಪೋರ್ಟಲ್‌ನಲ್ಲಿ ತುಂಬುತ್ತಿದ್ದೆ. ನಮ್ಮ ಎರಡನೇ ಕಂಪ್ಯೂಟರ್‌ನ ದಿನಾಂಕದ ಸೆಟ್ಟಿಂಗ್ ಅಮೆರಿಕದ್ದು, ತಿಂಗಳು ಮೊದಲು, ದಿನ ಆಮೇಲೆ. 04-06-1996 ಅಂತ ಹೊಡೆದರೆ ಜೂನ್ 4ರ ಬದಲು ಏಪ್ರಿಲ್ 6 ಆಗಿ ಕೂತಿತು. ಕೆಟ್ಟದ್ದೇನೆಂದರೆ ಎಲ್ಲ ದಿನಾಂಕವೂ ತಿರುಗುವುದಿಲ್ಲ. ದಿನ 12ರ ಒಳಗಿದ್ದರೆ ಮಾತ್ರ ತಿರುಗುತ್ತದೆ. 12ರ ನಂತರದ್ದನ್ನು ಅದು ದಿನಾಂಕ ಅಂತಲೇ ಗುರುತಿಸುವುದಿಲ್ಲ, ಅಕ್ಷರ ಅಂದುಕೊಂಡು ಎಡಕ್ಕೆ ಒತ್ತಿ ಇಡುತ್ತದೆ. ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕೂತಿದ್ದನ್ನು ದಿನವೂ ನೋಡುತ್ತಿದ್ದೆ, ಯಾಕೆ ಅಂತ ಯೋಚಿಸಲಿಲ್ಲ. ಒಬ್ಬ ಮೇಡಂ ತಮ್ಮ ಕಾಲಮಿತಿ ಬಡ್ತಿ ಎರಡು ತಿಂಗಳು ಮುಂಚೆ ಬಂದದ್ದನ್ನು ಹಿಡಿದುಕೊಂಡು ಬಂದಾಗ ಗೊತ್ತಾಯಿತು. ಅಷ್ಟರಲ್ಲಿ ಒಂಬತ್ತು ಜನರದು ಅನುಮೋದನೆ ಆಗಿ ಹೋಗಿತ್ತು. ತಿದ್ದಲು ಮೇಲಿನ ಲಾಗಿನ್‌ಗೆ ಪತ್ರ ಬರೆದು, ಬಿಡಿಸಿಕೊಂಡು, ಮತ್ತೆ ತುಂಬಿ, ಮೂರು ವಾರ. ಈಗ ತಿಂಗಳನ್ನು ಅಕ್ಷರದಲ್ಲೇ ಬರೆಯುತ್ತೇನೆ.

ಆಮೇಲೆ ಜೋಡಿಯಲ್ಲಿ ಓದುವ ಪದ್ಧತಿ ತಂದೆವು. ಒಬ್ಬರು ವಹಿ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆ ನೋಡಬೇಕು. ಸಂಖ್ಯೆಗಳನ್ನು ಒಂದೊಂದೇ ಅಂಕಿಯಾಗಿ. ಹೊರಗಿನವರಿಗೆ ಮಗ್ಗಿ ಒಪ್ಪಿಸುತ್ತಿದ್ದಾರೆ ಅನಿಸುತ್ತಿತ್ತೇನೋ. ತಪ್ಪು ಹೆಚ್ಚಾಗಿ ಸಿಕ್ಕಿದ್ದು ವೇತನ ನಿಗದಿಯಲ್ಲಿ. ಆರನೇ ವೇತನ ಆಯೋಗದ್ದು 2017ರ ಜುಲೈ 1ಕ್ಕೆ ಕಾಲ್ಪನಿಕವಾಗಿ, ಅಂದರೆ ಲೆಕ್ಕಕ್ಕೆ ಮಾತ್ರ, ಕೈಗೆ ದುಡ್ಡು ಬಂದದ್ದು 2018ರ ಏಪ್ರಿಲ್‌ನಿಂದ. ಏಳನೆಯದು 2022ರ ಜುಲೈ 1ಕ್ಕೆ ಕಾಲ್ಪನಿಕ, ಆರ್ಥಿಕ ಲಾಭ 2024ರ ಆಗಸ್ಟ್‌ನಿಂದ. ಈ ಎರಡು ದಿನಾಂಕಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದ ವಹಿ ನಮ್ಮಲ್ಲೇ ನಾಲ್ಕು.

ಸ್ಕ್ಯಾನಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಾರದಿಂದ ಹೊಲಿದ ವಹಿ ಸಪಾಟಾಗಿ ಮಲಗುವುದಿಲ್ಲ, ನಡುವಿನ ಅಕ್ಷರ ಕಪ್ಪಾಗುತ್ತದೆ. ಹಳೆ ಫೋಟೋ ಚೌಕಟ್ಟಿನ ಗಾಜು ಮೇಲಿಟ್ಟು ಒತ್ತಿದೆವು. ಬಣ್ಣ ಬೇಡ, ಬೂದು ಸಾಕು, ಇಲ್ಲದಿದ್ದರೆ ಫೈಲ್ ಭಾರವಾಗಿ ಅಪ್‌ಲೋಡ್ ನಡುವೆಯೇ ನಿಲ್ಲುತ್ತದೆ. ಮೊಬೈಲ್‌ನಲ್ಲಿ ಫೋಟೋ ಹೊಡೆದು ಮುಗಿಸಿ ಅಂತ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ಇನ್ನೊಬ್ಬರ ಬೆರಳಚ್ಚು, ಜನ್ಮ ದಿನಾಂಕ, ನಾಮಿನಿ ಹೆಸರು ನನ್ನ ಸ್ವಂತ ಫೋನಿನ ಗ್ಯಾಲರಿಯಲ್ಲಿ ಯಾಕಿರಬೇಕು? ಇನ್ನು ಸರ್ವರ್: ತಿಂಗಳ 20ರಿಂದ 25ರವರೆಗೆ ಎಲ್ಲ ಡಿಡಿಒಗಳೂ (ಹಣ ಸೆಳೆದು ಬಟವಾಡೆ ಮಾಡುವ ಅಧಿಕಾರಿಗಳು) ಸಂಬಳ ಬಿಲ್ಲು ಮಾಡುತ್ತಿರುತ್ತಾರೆ, ಆ ದಿನಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ನಾನು ಬೆಳಗ್ಗೆ ಎಂಟಕ್ಕೆ ಬರುತ್ತಿದ್ದೆ, ಹತ್ತರೊಳಗೆ ಆದಷ್ಟೇ ಆ ದಿನದ ಕೆಲಸ.

ಇದರ ನಡುವೆಯೇ ಕಡತಗಳನ್ನು ಕಂಪ್ಯೂಟರಿನಲ್ಲೇ ನಡೆಸುವ ಇ-ಆಫೀಸ್ ಕೂಡ ಬಂತು. ಅದರಲ್ಲಿ ನನಗೆ ನಿಜವಾಗಿ ಇಷ್ಟವಾದದ್ದು ಕಡತದ ಚಲನವಲನ ಕಾಣುವುದು. ಯಾರ ಹತ್ತಿರ ಎಷ್ಟು ದಿನ ಕೂತಿತ್ತು ಅಂತ ಕೇಳಲು ಯಾರ ಮೇಜಿಗೂ ಹೋಗಬೇಕಿಲ್ಲ. ಹಳದಿ ಟಿಪ್ಪಣಿಯಲ್ಲಿ ಕರಡು ಬರೆದು, ಬೇಡವಾದರೆ ತೆಗೆಯಬಹುದು. ಹಸಿರು ಟಿಪ್ಪಣಿ ಕಳಿಸಿದ ಮೇಲೆ ಮುಗಿಯಿತು, ತಿದ್ದಲು ಬರುವುದಿಲ್ಲ. ಒಮ್ಮೆ ಬೇರೆ ಶಾಖೆಗೆ ಕಳಿಸಿಬಿಟ್ಟಿದ್ದೆ, ಅವರು ತೆರೆಯುವ ಮೊದಲು ವಾಪಸು ಎಳೆದುಕೊಂಡೆ. ಕಾಗದದ ಕಡತ ಆಗಿದ್ದರೆ ದಲಾಯತರ ಹಿಂದೆ ಓಡಬೇಕಿತ್ತು.

ಗೋಳು ಹೊಯ್ದುಕೊಂಡದ್ದು 'ನುಡಿ' ಕನ್ನಡ ತಂತ್ರಾಂಶದ ಹಳೆ ಕಡತಗಳು. ಹತ್ತು ಹದಿನೈದು ವರ್ಷದ ಮಾದರಿ ಪತ್ರಗಳೆಲ್ಲ ಯುನಿಕೋಡ್ ಅಲ್ಲದ ಅಕ್ಷರದಲ್ಲಿವೆ. ನಕಲು ಮಾಡಿ ಇ-ಆಫೀಸ್‌ನಲ್ಲಿ ಅಂಟಿಸಿದರೆ 'ಕ' ಇರಬೇಕಾದಲ್ಲಿ ಇಂಗ್ಲಿಷಿನ ಪಿ, 'ನ' ಇರಬೇಕಾದಲ್ಲಿ ಪೌಂಡಿನ ಗುರುತು. ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿದರೆ ಕನ್ನಡ ಸರಿಯಾಗುತ್ತದೆ, ನಡುವೆ ಇಂಗ್ಲಿಷಿನಲ್ಲಿದ್ದ ಕೆಜಿಐಡಿ, ಡಿಡಿಒಗಳಂಥ ಸಂಕ್ಷಿಪ್ತ ಪದಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರವಾಗಿ ಬರುತ್ತವೆ. ಅರ್ಕಾವೊತ್ತು ಕೆಲವೊಮ್ಮೆ ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಓದದೆ ಸಹಿಗೆ ಕಳಿಸಿ ಒಂದು ಸಲ ಬೈಸಿಕೊಂಡೆ. ಸಮಾಧಾನವೆಂದರೆ ಕೀಲಿಮಣೆ ಬದಲಾಗಿಲ್ಲ. ಕ್ಯೂ ಒತ್ತಿದರೆ 'ಟ', ಒತ್ತಕ್ಷರಕ್ಕೆ ಎಫ್. ಬೆರಳುಗಳು ಕಲಿತದ್ದು ವ್ಯರ್ಥವಾಗಲಿಲ್ಲ.

ಎಲ್ಲರೂ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾದವರೇ, 2012ರ ನಿಯಮ ಬಂದ ಮೇಲೆ ಬಿಡುವಂತಿಲ್ಲ. ಆದರೂ ಹಿರಿಯರೊಬ್ಬರು ಇ-ಕಡತ ಬಂದ ಕೂಡಲೇ "ಪ್ರಿಂಟ್ ತಗೊಂಡ್ ಬಾರಪ್ಪಾ" ಅನ್ನುತ್ತಾರೆ. ಪ್ರಿಂಟಿನ ಮೇಲೆ ಪೆನ್ನಿನಲ್ಲಿ "ಚರ್ಚಿಸಿ" ಅಂತ ಬರೆಯುತ್ತಾರೆ. ಅದನ್ನು ನಾನು ಸ್ಕ್ಯಾನ್ ಮಾಡಿ ಕಡತಕ್ಕೆ ಸೇರಿಸುತ್ತೇನೆ. ಅವರ ನಿವೃತ್ತಿ ಮುಂದಿನ ವರ್ಷ. ಅಲ್ಲಿಯತನಕ ಹೀಗೇ ನಡೆಯಲಿ ಅಂತ ಬಿಟ್ಟಿದ್ದೇನೆ.

37ರಲ್ಲಿ 33 ಮುಗಿದಿವೆ. ನಾಲ್ಕರದು ಬೇರೆ ಜಿಲ್ಲೆಯ ಕಚೇರಿಗಳಿಂದ ಹಳೆ ದಾಖಲೆ ಬರಬೇಕು, ಜ್ಞಾಪನ ಎರಡು ಸಲ ಹೋಗಿದೆ. ಕಾಗದದ ವಹಿ ಬರೆಯುವುದನ್ನೂ ನಿಲ್ಲಿಸಿಲ್ಲ, ಸದ್ಯಕ್ಕೆ ಎರಡರಲ್ಲೂ ಬರೆಯುತ್ತಿದ್ದೇನೆ. ದಲಾಯತರು ಕಳೆದ ತಿಂಗಳು ನಿವೃತ್ತರಾದರು. ಹೋಗುವ ಮುಂಚೆ ರಜೆ ಲೆಕ್ಕದ ಪುಟದ ಒಂದು ಪ್ರತಿ ಕೇಳಿದರು. ತೆಗೆದುಕೊಟ್ಟೆ. 247 ಅನ್ನುವ ಅಂಕಿಯ ಕೆಳಗೆ ಪೆನ್ನಿನಿಂದ ಗೆರೆ ಎಳೆಸಿಕೊಂಡು, ನಾಲ್ಕು ಮಡಿಕೆ ಮಾಡಿ ಅಂಗಿ ಕಿಸೆಯಲ್ಲಿಟ್ಟುಕೊಂಡರು.