ಲೈವ್ ಶೋ ಸಿಗಬೇಕಾ? ಕೇಳುವ ರೀತಿ ಬದಲಿಸಿ ನೋಡಿ

ಸ್ವಂತ ಹಾಡು ಹಿಡ್ಕೊಂಡು ವೇದಿಕೆ ಹುಡುಕ್ತಿರೋರಿಗೆ ಒಂದು ಸಲಹೆ. ಶೋಗೆ ತಂಡಗಳನ್ನ ಬುಕ್ ಮಾಡೋರಿಗೆ ಸ್ಟುಡಿಯೋ ರೆಕಾರ್ಡಿಂಗ್‌ಗಿಂತ ಲೈವ್ ವಿಡಿಯೋನೇ ಮುಖ್ಯ. 2-3 ನಿಮಿಷದ್ದು ಸಾಕು. ಆದ್ರೆ ಹಾಡು ತಕ್ಷಣ ಶುರುವಾಗಲಿ, ದನಿ ಸ್ಪಷ್ಟವಾಗಿರಲಿ, ಎದುರಿಗೆ ಕೂತು ಕೇಳ್ತಿರೋ ಜನರೂ ಕಾಣಲಿ.

ಅವಕಾಶ ಕೇಳಿ ಅವರಿಗೆ ಕಳಿಸೋ ಮೆಸೇಜ್ ಐದಾರು ಸಾಲು ಮೀರಬಾರದು. ಎಂಥ ಸಂಗೀತ, ತಂಡದಲ್ಲಿ ಎಷ್ಟು ಜನ, ಎಷ್ಟು ಹೊತ್ತು ನುಡಿಸ್ತೀರಿ, ಯಾವ ತಾರೀಕು ಬಿಡುವಿದೆ, ವಿಡಿಯೋ ಲಿಂಕ್. ಎಷ್ಟು ಮೈಕ್ ಬೇಕು ಅನ್ನೋದನ್ನೂ ಬರೆದುಬಿಡಿ, ಸೌಂಡ್‌ನವರ ಅರ್ಧ ತಲೆನೋವು ಅಲ್ಲೇ ಕಡಿಮೆ. ‘ಒಂದು ಅವಕಾಶ ಕೊಡಿ’ ಅಂತಷ್ಟೇ ಬರೀಬೇಡಿ, ದಯವಿಟ್ಟು. ಅದಕ್ಕೆ ಅವರು ಏನಂತ ಉತ್ತರಿಸಬೇಕು? ಸಾಧ್ಯವಾದ್ರೆ ಮೊದಲು ಆ ಜಾಗಕ್ಕೆ ಹೋಗಿ ಬೇರೆಯವರ ಶೋ ನೋಡ್ಕೊಂಡು ಬನ್ನಿ.

ಜನ ಬರ್ತಾರೋ ಇಲ್ವೋ ಅನ್ನೋ ಚಿಂತೆ ಇದ್ರೆ, ನಿಮ್ಮ ಶೈಲಿಗೆ ಹೊಂದೋ ಇನ್ನೊಂದು ತಂಡವನ್ನ ಸೇರಿಸ್ಕೊಂಡು ಇಡೀ ಸಂಜೆಯ ಕಾರ್ಯಕ್ರಮವನ್ನೇ ಮುಂದಿಡಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಇಬ್ಬರ ಕೇಳುಗರೂ ಬರ್ತಾರೆ, ಬುಕ್ ಮಾಡೋರ ಕೆಲಸವೂ ಹಗುರ.

ಉತ್ತರ ಬರದಿದ್ರೆ ಒಂದು ವಾರ ಬಿಟ್ಟು ನೆನಪಿಸಿ. ಶೋ ಚೆನ್ನಾಗಿ ಆದ್ರೆ ಮಾರನೇ ದಿನವೇ ಧನ್ಯವಾದ ಹೇಳಿ, ಮುಂದಿನ ತಾರೀಕು ಕೇಳಿಬಿಡಿ.